ಪರಿವಿಡಿಗೂ ಮುಂಚಿನ ಪುಟಗಳು

ಸರ್ಕಾರಿ ಪಠ್ಯಪುಸ್ತಕ ಕೈಗೆ ಬಂದ ತಕ್ಷಣ ಎಲ್ಲರೂ ಪರಿವಿಡಿಗೆ ಹೋಗುತ್ತಾರೆ. ಯಾರ ಪಾಠ ಉಳಿಯಿತು, ಯಾರದು ಹೋಯಿತು, ಹೊಸದಾಗಿ ಯಾರು ಬಂದರು ಎಂದು ನೋಡುತ್ತಾರೆ. ಅದಕ್ಕೂ ಮುಂಚಿನ ನಾಲ್ಕೈದು ಪುಟಗಳನ್ನು ಸುಮ್ಮನೆ ತಿರುವಿ ಹಾಕಿಬಿಡುತ್ತಾರೆ. ಆ ಪುಸ್ತಕ ಹೇಗೆ ಹುಟ್ಟಿತು, ಎಷ್ಟು ಸಲ ತಿದ್ದಿಸಿಕೊಂಡಿತು ಎಂಬುದರ ಗುರುತುಗಳೆಲ್ಲ ಇರುವುದು ಅಲ್ಲೇ.

ಕರ್ನಾಟಕದ ಯಾವುದಾದರೂ ಒಂದು ಪಠ್ಯಪುಸ್ತಕ ತೆಗೆದುಕೊಳ್ಳಿ. ಮೊದಲು ಮುನ್ನುಡಿ. ಆಮೇಲೆ ಪಠ್ಯಪುಸ್ತಕ ರಚನಾ ಸಮಿತಿ: ಅಧ್ಯಕ್ಷರು, ಸದಸ್ಯರು, ಪರಿಶೀಲಕರು, ಕಲಾಕಾರರು. ಅದರ ಕೆಳಗೆ ಸಂಪಾದಕ ಮಂಡಳಿ, ಸಂಯೋಜಕರು. ಮುಂದಿನ ಪುಟದಲ್ಲಿ ಪರಿಷ್ಕರಣ ಸಮಿತಿ, ಅದರ ಮೇಲೊಂದು ಉನ್ನತ ಪರಿಶೀಲನಾ ಸಮಿತಿ. ಒಂದೇ ಪುಸ್ತಕದಲ್ಲಿ ಎರಡು ಸಮಿತಿಗಳ ಹೆಸರಿದ್ದರೆ ಮೂಲ ಪಾಠ ಬರೆದವರು ಒಬ್ಬರು, ತಿದ್ದಿದವರು ಇನ್ನೊಬ್ಬರು ಎಂದು ತಿಳಿಯಬೇಕು. ಮೂರಿದ್ದರೆ ತಿದ್ದಿದ್ದನ್ನು ಮತ್ತೊಬ್ಬರು ತಿದ್ದಿದ್ದಾರೆ. ಪಾಠದಲ್ಲಿ ಒಂದು ಪ್ಯಾರಾ ಸರಳವಾಗಿದ್ದು ಮುಂದಿನ ಪ್ಯಾರಾ ಒಮ್ಮೆಲೇ ಗಡುಸಾದರೆ, ಅಥವಾ ಅಭ್ಯಾಸದ ಪ್ರಶ್ನೆಯೊಂದಕ್ಕೆ ಪಾಠದಲ್ಲೆಲ್ಲೂ ಉತ್ತರ ಸಿಗದಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಪಾಠ ತಿದ್ದಿದವರು ಪಾಠದ ಕೊನೆಯ ಪ್ರಶ್ನೆಗಳನ್ನು ತಿದ್ದಿರುವುದಿಲ್ಲ.

ಪಠ್ಯಪುಸ್ತಕದ ಬಗ್ಗೆ ಆಗುವ ಗದ್ದಲವೆಲ್ಲ ಅಧ್ಯಕ್ಷರು ಯಾರು ಎನ್ನುವುದರ ಸುತ್ತಲೇ ಸುತ್ತುತ್ತದೆ. ಅದು ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಪುಸ್ತಕಗಳು ಕೆಡುವುದು ಹೆಚ್ಚಾಗಿ ಸಮಿತಿಯ ಕೋಣೆಯಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ. ಯಾವ ಕೆಲಸಕ್ಕೆ ಎಷ್ಟು ತಿಂಗಳು ಕೊಟ್ಟರು, ಯಾವ ಹಂತವನ್ನು ಬಿಟ್ಟು ಹಾರಿದರು ಎಂದು ನೋಡಿದರೆ ಮುಂದಿನ ಜೂನ್‌ನಲ್ಲಿ ಯಾವ ಬಗೆಯ ತಪ್ಪು ಹೊರಬೀಳುತ್ತದೆ ಎಂದು ಮೊದಲೇ ಹೇಳಬಹುದು.

ಮೊದಲು ಯಾರು ಏನು ಮಾಡುತ್ತಾರೆ ಎಂಬುದು. ಪಠ್ಯಕ್ರಮ, ಪಠ್ಯವಸ್ತು, ಪಠ್ಯಪುಸ್ತಕ ಇವು ಮೂರೂ ಬೇರೆ. ಪಠ್ಯಕ್ರಮ ಎಂದರೆ ಒಟ್ಟು ಚೌಕಟ್ಟು, ಮಗು ಯಾವ ವಯಸ್ಸಿಗೆ ಏನನ್ನು ಯಾಕೆ ಕಲಿಯಬೇಕು ಎಂಬುದು. ಪಠ್ಯವಸ್ತು ಎಂದರೆ ಆಯಾ ತರಗತಿಯ ಆಯಾ ವಿಷಯದಲ್ಲಿ ಬರಬೇಕಾದ ಅಂಶಗಳ ಪಟ್ಟಿ. ಆ ಪಟ್ಟಿಯನ್ನು ಮಗುವಿಗೆ ಮುಟ್ಟಿಸುವ ಒಂದು ಸಾಧನ ಪಠ್ಯಪುಸ್ತಕ. ಈಗ ಬಳಕೆಯಲ್ಲಿರುವ ಪುಸ್ತಕಗಳಲ್ಲಿ ಹೆಚ್ಚಿನವುಗಳ ಬೇರು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮತ್ತು ಅದನ್ನು ಆಧರಿಸಿದ 2007ರ ಕರ್ನಾಟಕ ಪಠ್ಯಕ್ರಮ ಚೌಕಟ್ಟಿನಲ್ಲಿದೆ. ಆ ಪ್ರಕಾರ 2010ರಿಂದ ಹಂತಹಂತವಾಗಿ ಪುಸ್ತಕಗಳು ಬಂದವು. ಪುಸ್ತಕ ಮಾಡಿಸಿ, ಮುದ್ರಿಸಿ, ಹಂಚುವ ಹೊಣೆ ಬೆಂಗಳೂರಿನ ಬನಶಂಕರಿ 3ನೇ ಹಂತದಲ್ಲಿರುವ ಕರ್ನಾಟಕ ಪಠ್ಯಪುಸ್ತಕ ಸಂಘದ್ದು. ಶಿಕ್ಷಕರ ತರಬೇತಿ, ಪಠ್ಯಕ್ರಮದ ಕೆಲಸ ಡಿಎಸ್‌ಇಆರ್‌ಟಿಯದು, ಅಂದರೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯದು. ಕಾನೂನಿನ ಬಲ ಎರಡು ಕಡೆಯಿಂದ ಬರುತ್ತದೆ. ಪಠ್ಯಕ್ರಮ ನಿಗದಿಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವುದು ಕರ್ನಾಟಕ ಶಿಕ್ಷಣ ಕಾಯ್ದೆ 1983ರ 7ನೇ ಪ್ರಕರಣ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಹೊಂದಿರಬೇಕು, ಮಗುವನ್ನು ಭಯ, ಆತಂಕಗಳಿಂದ ಮುಕ್ತಗೊಳಿಸಬೇಕು, ಸಾಧ್ಯವಾದಷ್ಟು ಮಾತೃಭಾಷೆಯಲ್ಲಿರಬೇಕು ಎಂದು ಬರೆದಿಟ್ಟಿದೆ. ಪುಸ್ತಕದ ಮೇಲೆ ಆಕ್ಷೇಪ ಎತ್ತುವವರು ಈ 29ನೇ ಪ್ರಕರಣವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ನಿಮ್ಮ ಆಕ್ಷೇಪಕ್ಕೆ ಆಧಾರ ಬಹುತೇಕ ಅಲ್ಲೇ ಸಿಗುತ್ತದೆ.

ಭಾಷಾ ಪುಸ್ತಕದ ಕೆಲಸವನ್ನೇ ಹತ್ತಿರದಿಂದ ನೋಡೋಣ, ಯಾಕೆಂದರೆ ಜಗಳ ಹೆಚ್ಚು ಆಗುವುದು ಅಲ್ಲೇ. 2017ರ ಪರಿಷ್ಕರಣೆಯ ಹತ್ತನೇ ತರಗತಿ ಪ್ರಥಮ ಭಾಷೆ ಕನ್ನಡದಲ್ಲಿ ಎಂಟು ಗದ್ಯ, ಎಂಟು ಪದ್ಯ, ಜೊತೆಗೆ ಪೂರಕ ಓದಿನ ಪಾಠಗಳು. ಇಷ್ಟರಲ್ಲಿ ಪಂಪ, ರನ್ನ, ಶಿವಕೋಟ್ಯಾಚಾರ್ಯ, ದುರ್ಗಸಿಂಹ, ಕುಮಾರವ್ಯಾಸ, ಲಕ್ಷ್ಮೀಶ ಎಲ್ಲ ಬರಬೇಕು. ಲಾವಣಿ ಬರಬೇಕು. ನವೋದಯದಿಂದ ಇಂದಿನವರೆಗೆ ಬರಬೇಕು. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕ, ಹಳೇ ಮೈಸೂರು ಯಾವುದೂ ಬಿಟ್ಟುಹೋಗಬಾರದು. ಲೇಖಕಿಯರು ಇರಬೇಕು. ಪ್ರಬಂಧ, ಕಥೆ, ನಾಟಕ, ಪ್ರವಾಸ, ಜೀವನಚರಿತ್ರೆ ಎಂದು ಪ್ರಕಾರಗಳೂ ಬೇರೆಬೇರೆ ಆಗಬೇಕು. ಹದಿನಾರು ಖಾನೆಗಳಲ್ಲಿ ಇಷ್ಟನ್ನು ಕೂರಿಸುವಾಗ ಒಂದು ಪಾಠ ತೆಗೆದರೆ ಅದರೊಂದಿಗೆ ಮೂರು ಲೆಕ್ಕ ತಪ್ಪುತ್ತದೆ. ಒಬ್ಬ ಲೇಖಕಿಯ ಕಥೆಯನ್ನು ಬಿಟ್ಟಿರಿ ಎಂದಿಟ್ಟುಕೊಳ್ಳಿ. ಲೇಖಕಿಯರ ಸಂಖ್ಯೆ ಇಳಿಯಿತು, ಕಥೆಯ ಪ್ರಕಾರ ಖಾಲಿಯಾಯಿತು, ಆ ಕಥೆ ಕರಾವಳಿಯದಾಗಿದ್ದರೆ ಆ ಭಾಗವೂ ಹೋಯಿತು. ಹಾಗಾಗಿ ಯಾವ ಪಾಠ ಹೋಯಿತು ಎಂದು ಕೇಳುವುದರ ಜೊತೆಗೆ ಅದರ ಜಾಗಕ್ಕೆ ಬಂದದ್ದು ಈ ಮೂರು ಲೆಕ್ಕವನ್ನೂ ತುಂಬುತ್ತದೆಯೇ ಎಂದು ಕೇಳಬೇಕು.

ಉದ್ದವೂ ಒಂದು ಲೆಕ್ಕವೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ಶಾಲಾ ದಿನ, 800 ಗಂಟೆ; 6ರಿಂದ 8ಕ್ಕೆ 220 ದಿನ, 1000 ಗಂಟೆ. ವಾರಕ್ಕೆ ಐದು ಪೀರಿಯಡ್ ಸಿಗುವ ವಿಷಯಕ್ಕೆ 220 ದಿನಗಳಲ್ಲಿ ಸುಮಾರು 180 ಪೀರಿಯಡ್ ಕಾಗದದ ಮೇಲೆ ಬರುತ್ತದೆ. ಪರೀಕ್ಷೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಶಿಕ್ಷಕರ ತರಬೇತಿ ಇವನ್ನೆಲ್ಲ ಕಳೆದು 140 ಉಳಿದರೆ ಪುಣ್ಯ. ಪುನರಾವರ್ತನೆಗೆ 20 ಇಟ್ಟುಕೊಂಡರೆ ಪಾಠಕ್ಕೆ 120. ಒಂದು ಅಧ್ಯಾಯಕ್ಕೆ ಆರು ಪೀರಿಯಡ್ ಎಂದರೂ ಇಪ್ಪತ್ತಕ್ಕಿಂತ ಹೆಚ್ಚು ಅಧ್ಯಾಯ ಹಿಡಿಸುವುದಿಲ್ಲ. ಸಮಿತಿಯ ಸದಸ್ಯರೆಲ್ಲ ಕಾಲೇಜು, ವಿಶ್ವವಿದ್ಯಾಲಯದವರೇ ಆದಾಗ ಮೊದಲು ಕೈತಪ್ಪುವುದು ಈ ಲೆಕ್ಕ. ಹೈಸ್ಕೂಲಿನಲ್ಲಿ ದಿನವೂ ಪಾಠ ಮಾಡುವ ಇಬ್ಬರಾದರೂ ಶಿಕ್ಷಕರು ಕೂತಿದ್ದರೆ ‘ಇದು ಸೆಪ್ಟೆಂಬರ್‌ಗೆ ಮುಗಿಯುವುದಿಲ್ಲ ಸಾರ್’ ಎಂದು ಅವರು ಹೇಳಿಯೇ ಹೇಳುತ್ತಾರೆ.

ಲೇಖಕರ ಅನುಮತಿ ಇನ್ನೊಂದು ವಿಷಯ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಕ್ಕೆ ಯಾರ ಅನುಮತಿಯೂ ಬೇಡ. 1975ರಲ್ಲಿ ತೀರಿಕೊಂಡ ಡಿವಿಜಿಯವರ ಬರಹಕ್ಕೆ 2035ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಹಕ್ಕಿದೆ. ಪಠ್ಯಪುಸ್ತಕಕ್ಕೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ವಿನಾಯಿತಿ ಇರುವುದು ನಿಜ, ಆದರೆ ಹೆಚ್ಚಿನ ಭಾಗ ಹಕ್ಕು ಮುಗಿದ ಬರಹಗಳೇ ಇರುವ ಸಂಕಲನದಲ್ಲಿ ಚಿಕ್ಕ ಭಾಗಗಳನ್ನು ಸೇರಿಸುವುದಕ್ಕೆ ಮಾತ್ರ. ಅದರಲ್ಲೂ ಒಬ್ಬ ಪ್ರಕಾಶಕರು ಐದು ವರ್ಷದಲ್ಲಿ ಒಬ್ಬ ಲೇಖಕರ ಎರಡಕ್ಕಿಂತ ಹೆಚ್ಚು ಭಾಗ ಬಳಸುವಂತಿಲ್ಲ. ಅರ್ಧದಷ್ಟು ಇಪ್ಪತ್ತನೇ ಶತಮಾನದ ಬರಹವೇ ಇರುವ ಪುಸ್ತಕಕ್ಕೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳಲಾಗದು. ಹಾಗಾಗಿ ಲೇಖಕರಿಂದ, ಇಲ್ಲವೇ ವಾರಸುದಾರರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಬೇಕು. ಒಪ್ಪಿಗೆ ಪತ್ರದಲ್ಲಿ ಯಾವ ತರಗತಿ, ಎಷ್ಟು ವರ್ಷ, ಸಂಕ್ಷೇಪಿಸಬಹುದೇ, ಬೇರೆ ಮಾಧ್ಯಮಕ್ಕೆ ಅನುವಾದಿಸಬಹುದೇ ಎಂಬ ನಾಲ್ಕೂ ಇರಬೇಕು. ಸಂಕ್ಷೇಪದ ಮಾತು ಬಹಳ ಸೂಕ್ಷ್ಮ. ಹನ್ನೆರಡು ಪುಟದ ಪ್ರಬಂಧವನ್ನು ನಾಲ್ಕು ಪುಟಕ್ಕೆ ಇಳಿಸುವಾಗ ಲೇಖಕರ ನಿಲುವೇ ತಿರುಚಿಹೋದರೆ ಅದೇ ಕಾಯ್ದೆಯ 57ನೇ ಪ್ರಕರಣ ಅವರಿಗೆ ತಡೆಯುವ ಹಕ್ಕು ಕೊಡುತ್ತದೆ. 2022ರಲ್ಲಿ ಆ ವರ್ಷದ ಪಠ್ಯ ಪರಿಷ್ಕರಣೆಯನ್ನು ವಿರೋಧಿಸಿ ದೇವನೂರ ಮಹಾದೇವ ಅವರೂ ಇನ್ನು ಕೆಲವು ಲೇಖಕರೂ ತಮ್ಮ ಬರಹಕ್ಕೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದಾಗಿ ಬರೆದಾಗ, ಒಪ್ಪಿಗೆ ಪತ್ರ ಎಂಬುದು ಕಡತದಲ್ಲಿ ಮಲಗಿರುವ ಕಾಗದವಲ್ಲ ಎಂದು ಎಲ್ಲರಿಗೂ ತಿಳಿಯಿತು.

ಇನ್ನು ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪರಿಶೀಲನೆ. ಪರಿಶೀಲಕರು ಒಂದೇ ಓದಿನಲ್ಲಿ ಎಲ್ಲವನ್ನೂ ಹಿಡಿಯಲು ಹೋದರೆ ಏನನ್ನೂ ಹಿಡಿಯುವುದಿಲ್ಲ. ಒಂದು ಓದು ಬರೀ ಸಂಗತಿಗೆ: ಇಸವಿ, ಅಂಕಿ, ಹೆಸರು, ಸೂತ್ರ. ಇನ್ನೊಂದು ಮಟ್ಟಕ್ಕೆ: ಏಳನೇ ತರಗತಿಯಲ್ಲಿ ಬಳಸಿದ ಪರಿಕಲ್ಪನೆ ಆರರಲ್ಲಿ ಬಂದಿದೆಯೇ. ಮೂರನೆಯದು ಭಾಷೆ ಮತ್ತು ಚಿತ್ರಕ್ಕೆ: ಅಡುಗೆಮನೆಯಲ್ಲಿ ಯಾವಾಗಲೂ ಅಮ್ಮನೇ, ಹೊಲದಲ್ಲಿ ಯಾವಾಗಲೂ ಅಪ್ಪನೇ ಇದ್ದಾರೆಯೇ, ಅಂಗವಿಕಲ ಮಗು ಒಂದು ಚಿತ್ರದಲ್ಲಾದರೂ ಆಟದ ನಡುವೆ ಇದೆಯೇ. ನಾಲ್ಕನೆಯದು ಅಭ್ಯಾಸಗಳಿಗೆ, ಪೆನ್ನು ಹಿಡಿದು ಪ್ರತಿಯೊಂದು ಲೆಕ್ಕವನ್ನೂ ಮಾಡಿ, ಹಿಂಬದಿಯ ಉತ್ತರಕ್ಕೆ ತಾಳೆ ನೋಡುವುದು. ಗಣಿತ ಪುಸ್ತಕದಲ್ಲಿ ಸಿಗುವ ತಪ್ಪುಗಳಲ್ಲಿ ದೊಡ್ಡ ಪಾಲು ಈ ನಾಲ್ಕನೇ ಓದನ್ನು ಬಿಟ್ಟದ್ದರಿಂದ ಉಳಿದಂಥವು.

ಅನುವಾದದಲ್ಲಿ ಕಾಲು ಜಾರುವ ಜಾಗ ತೋರಿಸುತ್ತೇನೆ. ರಾಜ್ಯದ ಪುಸ್ತಕಗಳು 12 ಭಾಷೆಗಳಲ್ಲಿ ಬರುತ್ತವೆ. ಅವುಗಳಲ್ಲಿ ಏಳು ಕಲಿಕೆಯ ಮಾಧ್ಯಮಗಳು: ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ. 2018-19ರಿಂದ ಹತ್ತನೇ ತರಗತಿಯ ಗಣಿತ, ವಿಜ್ಞಾನಕ್ಕೆ ಕೇಂದ್ರದ ಎನ್‌ಸಿಇಆರ್‌ಟಿ ಸಂಸ್ಥೆಯ ಪುಸ್ತಕವನ್ನೇ ತೆಗೆದುಕೊಂಡದ್ದರಿಂದ ಅವುಗಳ ಮೂಲಪ್ರತಿ ಇಂಗ್ಲಿಷ್, ಕನ್ನಡದ್ದು ಅನುವಾದ. ಗಣಿತದಲ್ಲಿ ‘ಅಪವರ್ತನ’ ಮತ್ತು ‘ಅಪವರ್ತ್ಯ’ ಎಂಬ ಎರಡು ಪದಗಳಿವೆ. 3 ಎಂಬುದು 12ರ ಅಪವರ್ತನ, 12 ಎಂಬುದು 3ರ ಅಪವರ್ತ್ಯ. ಮ.ಸಾ.ಅ. ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಲ.ಸಾ.ಅ. ಎಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯ. ಹ್ರಸ್ವರೂಪದ ಕೊನೆಯಲ್ಲಿ ಎರಡಕ್ಕೂ ‘ಅ’ ಅಕ್ಷರವೇ, ಬಿಡಿಸಿದರೆ ಅರ್ಥ ತಲೆಕೆಳಗು. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರಜೋಡಣೆ) ಮಾಡುವವರ ಕಣ್ಣಿಗೆ ‘ರ್ತನ’, ‘ರ್ತ್ಯ’ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕನ್ನಡ ಪಂಡಿತರು ಕರಡು ತಿದ್ದಿದರೆ ಎರಡೂ ಕಾಗುಣಿತ ತಪ್ಪಿಲ್ಲದ ಪದಗಳಾದ್ದರಿಂದ ಅವರ ಕಣ್ಣಿಗೂ ಬೀಳುವುದಿಲ್ಲ. ಗಣಿತ ಗೊತ್ತಿರುವ ಕನ್ನಡಿಗರೇ ಓದಬೇಕು. ಒಬ್ಬರು ಮೂಲವನ್ನು ಜೋರಾಗಿ ಓದುತ್ತಾ ಇನ್ನೊಬ್ಬರು ಕನ್ನಡದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋಗುವುದು ಹಳೇ ಪದ್ಧತಿ. ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಸಮಾಜ ವಿಜ್ಞಾನದಲ್ಲಿ ಇಂಥ ಅಪಾಯ ಇರುವುದು ‘ಹುಡುಕಿ ಬದಲಿಸು’ ಎಂಬ ಕಂಪ್ಯೂಟರ್ ಸೌಲಭ್ಯದಲ್ಲಿ. 2014ರ ನವೆಂಬರ್ 1ರಂದು ರಾಜ್ಯದ ಹಲವು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ಕನ್ನಡದಲ್ಲೂ ಬದಲಾದವು ಗುಲ್ಬರ್ಗ ಮತ್ತು ಬಿಜಾಪುರ. ಕಲಬುರಗಿ, ವಿಜಯಪುರ ಆದವು. ಭೂಗೋಳದ ಪಾಠದಲ್ಲಿ ಬದಲಿಸಲೇಬೇಕು. ಆದರೆ ಅದೇ ಪುಸ್ತಕದ ಇತಿಹಾಸ ಭಾಗದಲ್ಲಿ ‘ಬಿಜಾಪುರದ ಆದಿಲ್‌ಶಾಹಿಗಳು’ ಎಂಬ ಮಾತಿದೆ. ಕಂಪ್ಯೂಟರಿಗೆ ಆ ಭೇದ ತಿಳಿಯದು, ಒಂದು ಗುಂಡಿ ಒತ್ತಿದರೆ ಅಲ್ಲೂ ವಿಜಯಪುರ ಆಗುತ್ತದೆ. ದೇವನಹಳ್ಳಿ ಬಳಿ ಇನ್ನೊಂದು ವಿಜಯಪುರ ಇದೆ. ವಿಜಯನಗರ ಎಂಬ ಸಾಮ್ರಾಜ್ಯವೂ ಇದೆ. 2021ರಿಂದ ವಿಜಯನಗರ ಎಂಬ ಜಿಲ್ಲೆಯೂ ಇದೆ. ಎಂಟನೇ ತರಗತಿ ಮಗುವಿನ ತಲೆಯಲ್ಲಿ ಇವೆಲ್ಲ ಕಲಸಿಹೋಗದಂತೆ ಬರೆಯಬೇಕಾದರೆ ಪ್ರತಿ ಸಾಲನ್ನೂ ಮನುಷ್ಯರೇ ಓದಿ ತೀರ್ಮಾನಿಸಬೇಕು.

ಚಿಕ್ಕ ಸಂಗತಿಯೊಂದು ಬದಲಾದರೆ ಎಷ್ಟು ಕಡೆ ತಿದ್ದಬೇಕು ಎಂಬುದಕ್ಕೆ ರಾಜ್ಯಗಳ ಸಂಖ್ಯೆ ಒಳ್ಳೆಯ ಉದಾಹರಣೆ. 2014ರ ಜೂನ್ 2ರಂದು ತೆಲಂಗಾಣ ಬಂತು, 29 ರಾಜ್ಯ ಆಯಿತು. 2019ರ ಅಕ್ಟೋಬರ್ 31ರಂದು ಜಮ್ಮು ಮತ್ತು ಕಾಶ್ಮೀರ ಎರಡು ಕೇಂದ್ರಾಡಳಿತ ಪ್ರದೇಶಗಳಾಗಿ 28 ರಾಜ್ಯ, 9 ಕೇಂದ್ರಾಡಳಿತ ಪ್ರದೇಶ ಆಯಿತು. ಮೂರೇ ತಿಂಗಳಲ್ಲಿ, 2020ರ ಜನವರಿ 26ಕ್ಕೆ, ದಾದ್ರಾ ನಗರ ಹವೇಲಿ ಮತ್ತು ದಮನ್ ದಿಯು ಒಂದಾಗಿ ಅದು 8ಕ್ಕೆ ಇಳಿಯಿತು. ಈ ಅಂಕಿ ಪರಿಸರ ಅಧ್ಯಯನದಲ್ಲಿದೆ, ಸಮಾಜ ವಿಜ್ಞಾನದ ಪೌರನೀತಿಯಲ್ಲಿದೆ, ಭೂಗೋಳದಲ್ಲಿದೆ, ನಕ್ಷೆಗಳಲ್ಲಿದೆ, ಕೆಲವೊಮ್ಮೆ ಭಾಷಾ ಪುಸ್ತಕದ ಗಾದೆ ವಿಸ್ತರಣೆಯ ಮಾದರಿಯಲ್ಲೂ ನುಸುಳಿರುತ್ತದೆ. ಅವೆಲ್ಲವೂ ಏಳು ಮಾಧ್ಯಮಗಳಲ್ಲಿ. ನಕ್ಷೆಯಂತೂ ಭಾರತೀಯ ಸರ್ವೇಕ್ಷಣಾ ಇಲಾಖೆಯ ಗಡಿರೇಖೆಗೆ ಕೂದಲಷ್ಟೂ ತಪ್ಪದೆ ಹೊಂದಬೇಕು. ಕಲಾಕಾರರು ಅಂದಾಜಿನಲ್ಲಿ ಬರೆದ ಭಾರತದ ಬಾಹ್ಯರೇಖೆ ಅಲಂಕಾರಕ್ಕೆಂದು ಹಾಕಿದ್ದರೂ ತೊಂದರೆಯೇ.

ಇಲ್ಲಿ ತಾಂತ್ರಿಕ ತೊಡಕೊಂದಿದೆ, ಕನ್ನಡದಲ್ಲಿ ಪುಸ್ತಕ ಮಾಡಿದ ಎಲ್ಲರಿಗೂ ಗೊತ್ತಿರುವಂಥದ್ದು. ಹಳೆಯ ಪುಸ್ತಕಗಳ ಕಡತಗಳು ಯೂನಿಕೋಡ್‌ಗೆ (ಈಗ ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರ ಸಂಕೇತಕ್ಕೆ) ಮುಂಚಿನ ಫಾಂಟುಗಳಲ್ಲಿ ಇದ್ದರೆ ಪದ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಬಿಡಿಯಾಗುತ್ತದೆ, ಗಣಿತದ ಚಿಹ್ನೆಗಳು ಯಾವುದೋ ಅಕ್ಷರಗಳಾಗುತ್ತವೆ. ಹಾಗಾಗಿ ಹತ್ತು ಸಾಲು ತಿದ್ದಲು ಹೋದವರು ಇಡೀ ಪುಸ್ತಕದ ಕರಡನ್ನು ಹೊಸದಾಗಿ ಓದಬೇಕು. ‘ಬರೀ ಹತ್ತು ಸಾಲಲ್ಲವೇ’ ಎಂದು ಒಂದು ವಾರ ಕೊಟ್ಟರೆ ಹತ್ತು ಸಾಲು ಸರಿಯಾಗಿ ಬಂದು ಬೇರೆ ಐವತ್ತು ಸಾಲು ಕೆಟ್ಟಿರುತ್ತವೆ.

ಮುದ್ರಣಕ್ಕೆ ಬರೋಣ. ಪುಸ್ತಕ ಅಚ್ಚಾಗುವುದು ಪುಟಪುಟವಾಗಿ ಅಲ್ಲ, ಫಾರಂ ಲೆಕ್ಕದಲ್ಲಿ. 16 ಪುಟದ ಒಂದು ಫಾರಂ ಎಂದರೆ ಹಾಳೆಯ ಒಂದು ಬದಿಗೆ ಎಂಟು, ಇನ್ನೊಂದು ಬದಿಗೆ ಎಂಟು. ನಾಲ್ಕು ಬಣ್ಣದ ಅಚ್ಚಾದರೆ ಬದಿಗೆ ನಾಲ್ಕರಂತೆ ಎಂಟು ಪ್ಲೇಟು, ಅಂದರೆ ಅಚ್ಚೊತ್ತುವ ತಗಡು. ಕಪ್ಪಕ್ಷರದಲ್ಲಿ ಒಂದು ಪದ ಬದಲಾದರೆ ಕಪ್ಪಿನ ಒಂದು ಪ್ಲೇಟು ಹೊಸದಾಗಿ ಮಾಡಿದರೆ ಸಾಕು. ಬಣ್ಣದ ನಕ್ಷೆ ಬದಲಾದರೆ ನಾಲ್ಕೂ. ಪಾಠ ಅರ್ಧ ಪುಟ ಉದ್ದವಾಗಿ ಮುಂದಿನ ಪುಟಕ್ಕೆ ಚಾಚಿಕೊಂಡರೆ ಅಲ್ಲಿಂದ ಪುಸ್ತಕದ ಕೊನೆಯವರೆಗೆ ಎಲ್ಲ ಫಾರಂಗಳೂ ಸರಿಯುತ್ತವೆ, ಪರಿವಿಡಿಯ ಪುಟಸಂಖ್ಯೆಯೂ ತಪ್ಪುತ್ತದೆ. ಅದಕ್ಕೇ ಕೊನೆಗಳಿಗೆಯ ತಿದ್ದುಪಡಿ ಮಾಡುವವರು ತೆಗೆದ ಪಾಠ ಎಷ್ಟು ಪುಟವಿತ್ತೋ ಅಷ್ಟೇ ಪುಟದ ಪಾಠ ಹುಡುಕುತ್ತಾರೆ. ಪಾಠದ ಯೋಗ್ಯತೆಯ ಮುಂದೆ ಪುಟದ ಅಳತೆ ಬಂದು ಕೂರುವುದು ಹೀಗೆ.

ಈಗ ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ ನೋಡಿ. ಕರ್ನಾಟಕದಲ್ಲಿ ಶಾಲೆ ಶುರುವಾಗುವುದು ಸಾಮಾನ್ಯವಾಗಿ ಮೇ ಕೊನೆಯ ವಾರ. 2023ರಲ್ಲೂ 2024ರಲ್ಲೂ ಮೇ 29. ಅಂದರೆ ಮೇ ಮಧ್ಯಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಗೋದಾಮಿನಲ್ಲಿ ಪುಸ್ತಕ ಇರಬೇಕು. ಮುದ್ರಣ, ಬೈಂಡಿಂಗ್, ಸಾಗಣೆಗೆ ನಾಲ್ಕು ತಿಂಗಳು ಹಿಡಿದರೆ ಜನವರಿಗೆ ಮುದ್ರಕರ ಕೈಯಲ್ಲಿ ಅಂತಿಮ ಪ್ರತಿ. ಸರ್ಕಾರಿ ಖರೀದಿಗೆ ಅನ್ವಯಿಸುವ ಕೆಟಿಪಿಪಿ ಕಾಯ್ದೆಯಂತೆ ಟೆಂಡರ್ ಕರೆದು, ತೆರೆದು, ಆದೇಶ ಕೊಡಲು ಎರಡು ಮೂರು ತಿಂಗಳು. ಟೆಂಡರ್ ಕರೆಯಬೇಕಾದರೆ ಪ್ರತಿಗಳ ಸಂಖ್ಯೆ ಗೊತ್ತಿರಬೇಕು, ಅದು ಶಾಲೆಗಳ ಇಂಡೆಂಟ್‌ನಿಂದ (ಬೇಡಿಕೆ ಪಟ್ಟಿಯಿಂದ) ಬರುತ್ತದೆ. ಪುಟಸಂಖ್ಯೆಯೂ ಗೊತ್ತಿರಬೇಕು, ಅದು ಪಠ್ಯ ಅಂತಿಮವಾದ ಮೇಲೇ ಬರುತ್ತದೆ. ಹಾಗಾದರೆ ಅಕ್ಟೋಬರ್‌ಗೆ ಏಳೂ ಮಾಧ್ಯಮಗಳ ಪಠ್ಯ ಗಟ್ಟಿಯಾಗಬೇಕು. ಅನುವಾದ, ಅನುವಾದದ ಪರಿಶೀಲನೆಗೆ ಮೂರು ತಿಂಗಳು ಎಂದರೆ ಮೂಲಪ್ರತಿ ಜುಲೈಗೆ ಮುಗಿದಿರಬೇಕು. ಆ ಮೂಲಪ್ರತಿಯನ್ನು ಕೆಲವು ಶಾಲೆಗಳಲ್ಲಿ ಒಂದು ವರ್ಷ ಪಾಠ ಮಾಡಿ ನೋಡಬೇಕು ಎನ್ನುವುದಾದರೆ ಬರವಣಿಗೆ ಶುರುವಾಗಬೇಕಾದದ್ದು ಪುಸ್ತಕ ಮಗುವಿನ ಕೈ ಸೇರುವ ಎರಡೂವರೆ ಮೂರು ವರ್ಷ ಮೊದಲು.

ನಡೆದದ್ದು ಏನು? 2014-15ರ ರಾಜ್ಯ ಬಜೆಟ್‌ನಲ್ಲಿ ಪರಿಷ್ಕರಣೆಯ ಮಾತು ಬಂತು, ಅದೇ ನವೆಂಬರ್‌ನಲ್ಲಿ ವಿಷಯವಾರು 27 ಸಮಿತಿಗಳ ಆದೇಶವಾಯಿತು. ಬರಗೂರು ರಾಮಚಂದ್ರಪ್ಪ ಅವರು ಸರ್ವಾಧ್ಯಕ್ಷರು. ಪುಸ್ತಕ ಶಾಲೆಗೆ ಬಂದದ್ದು 2017-18ಕ್ಕೆ. ಇದು ಪರಿಷ್ಕರಣೆಯೇ ಹೊರತು ಹೊಸದಾಗಿ ಬರೆದದ್ದಲ್ಲ ಎಂದು ಆ ಪುಸ್ತಕಗಳ ಮುನ್ನುಡಿಯಲ್ಲೇ ಹೇಳಿದೆ. ಆ ಪುಸ್ತಕಗಳ ಮೇಲೂ ಆಕ್ಷೇಪಗಳು ಬಂದವು, ಬರಲಿ. ಸಮಯ ಮಾತ್ರ ಎರಡೂವರೆ ವರ್ಷ ಸಿಕ್ಕಿತ್ತು. ಮುಂದೆ ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿ ಸಮಾಜ ವಿಜ್ಞಾನ ಮತ್ತು ಭಾಷಾ ಪುಸ್ತಕಗಳನ್ನು ಪರಿಷ್ಕರಿಸಿತು, ಅವು 2022-23ಕ್ಕೆ ಬಂದವು. ಆ ವರ್ಷ ಶಾಲೆ ಮೇ 16ಕ್ಕೇ ಶುರುವಾಯಿತು, ಕೋವಿಡ್‌ನಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬುವ ‘ಕಲಿಕಾ ಚೇತರಿಕೆ’ ನಡೆಯುತ್ತಿತ್ತು. ಜನ ಹೊಸ ಪಠ್ಯವನ್ನು ನೋಡಿದ್ದು ಅಚ್ಚಿನ ಕೆಲಸ ಬಹುಮಟ್ಟಿಗೆ ಆದಮೇಲೆ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರ್ ಅವರಿಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ವಿಶೇಷಣ ಇಲ್ಲವಾದದ್ದು, ಬಸವಣ್ಣನವರ ಕುರಿತ ಸಾಲುಗಳು ಬದಲಾದದ್ದು ಬೀದಿಗೆ ಬಂತು. ಜೂನ್‌ನಲ್ಲಿ ಸಮಿತಿ ವಿಸರ್ಜನೆಯಾಗಿ, ಸರ್ಕಾರ ತಿದ್ದುಪಡಿಗಳನ್ನು ಕಳಿಸಬೇಕಾಯಿತು. ಮರುವರ್ಷ ಸರ್ಕಾರ ಬದಲಾಯಿತು. 2023ರ ಜೂನ್ 15ರಂದು ಸಚಿವ ಸಂಪುಟ ಕೆಲವು ಪಾಠ ಬಿಡುವ, ಕೆಲವು ಸೇರಿಸುವ ತೀರ್ಮಾನ ಮಾಡಿತು. ಅಷ್ಟೊತ್ತಿಗೆ ಶಾಲೆ ಶುರುವಾಗಿ ಎರಡು ವಾರ ದಾಟಿತ್ತು, ಪುಸ್ತಕ ಅಚ್ಚಾಗಿತ್ತು. ಮತ್ತೆ ಪೂರಕ ಪುಸ್ತಿಕೆಯೇ ಗತಿಯಾಯಿತು.

ಎರಡೂ ವರ್ಷ ಯಾರ ನಿಲುವು ಸರಿ ಎಂಬ ವಾದ ಪಕ್ಕಕ್ಕಿರಲಿ. ತರಗತಿಯಲ್ಲಿ ಏನಾಯಿತು ಎಂದು ನೋಡಿ. ಮಗುವಿನ ಪುಸ್ತಕದಲ್ಲಿ ಒಂದು ಪಾಠವಿದೆ, ಅದನ್ನು ಓದಬೇಡ ಎಂದು ಸುತ್ತೋಲೆ ಹೇಳುತ್ತದೆ. ಓದಬೇಕಾದದ್ದು ಬೇರೆ ಪುಸ್ತಿಕೆಯಲ್ಲಿದೆ, ಅದು ಎಲ್ಲ ಶಾಲೆಗೂ ಒಂದೇ ದಿನ ತಲುಪುವುದಿಲ್ಲ. ಗಡಿಭಾಗದ ಮರಾಠಿ, ತೆಲುಗು, ಉರ್ದು ಮಾಧ್ಯಮಕ್ಕೆ ಅನುವಾದ ಇನ್ನೂ ತಡ. ಹಳೇ ಪುಸ್ತಕವನ್ನು ಅಣ್ಣನಿಂದ ತಮ್ಮನಿಗೆ, ಪಕ್ಕದ ಮನೆಯವರಿಂದ ಇವರಿಗೆ ದಾಟಿಸುವ ಹಳ್ಳಿಯ ಪದ್ಧತಿಯೂ ಕೆಡುತ್ತದೆ. ಹತ್ತನೇ ತರಗತಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 100 ಲಿಖಿತ ಪರೀಕ್ಷೆಗೆ. ಯಾವ ಪಾಠದಿಂದ ಪ್ರಶ್ನೆ ಬರುತ್ತದೆ ಎಂಬ ಗೊಂದಲ ಆಗಸ್ಟ್‌ವರೆಗೆ ಎಳೆದರೆ ಅದರ ಭಾರ ಹೊರುವುದು ಟ್ಯೂಷನ್ ಇಲ್ಲದ ಮಗು.

ನಮ್ಮಲ್ಲಿ ಸರ್ಕಾರವೇ ಬರೆಸಿ ಸರ್ಕಾರವೇ ಒಪ್ಪುವುದರಿಂದ ಪರಿಶೀಲಿಸುವವರೂ ಮಾಡುವವರೂ ಒಂದೇ ಸೂರಿನಡಿ ಇರುತ್ತಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ರಮ ಬೇರೆ. ಹೆಚ್ಚಾಗಿ ಖಾಸಗಿ ಪ್ರಕಾಶಕರು ಬರೆದು ತರುತ್ತಾರೆ, ಚುನಾಯಿತ 15 ಸದಸ್ಯರ ರಾಜ್ಯ ಶಿಕ್ಷಣ ಮಂಡಳಿ ಒಪ್ಪುತ್ತದೆ ಅಥವಾ ತಿರಸ್ಕರಿಸುತ್ತದೆ. ಜಗಳ ಅಲ್ಲೂ ಇದೆ, ನಮಗಿಂತ ಕಡಿಮೆಯೇನಲ್ಲ. ಆದರೆ ಮತಕ್ಕೆ ಹಾಕುವ ಮುಂಚೆ ಕರಡು ಸಾರ್ವಜನಿಕರ ಮುಂದೆ ಇರುತ್ತದೆ, ಬಹಿರಂಗ ವಿಚಾರಣೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಆ ಒಂದು ಹಂತವನ್ನು ನಾವು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಮೂಲಪ್ರತಿಯ ಕರಡನ್ನು ಜುಲೈನಲ್ಲೇ ಪಿಡಿಎಫ್ ರೂಪದಲ್ಲಿ ಹಾಕಿ ನಲವತ್ತು ದಿನ ಆಕ್ಷೇಪ ಕರೆಯಲಿ. ಜೂನ್‌ನಲ್ಲಿ ಬೀದಿಯಲ್ಲಿ ಆಗುವ ಜಗಳ ಆಗ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಮೇಜಿನ ಮೇಲೆ ಆಗುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳು ಕೇರಳದ ಪುಸ್ತಕವನ್ನೂ, ಜತ್ತ, ಅಕ್ಕಲಕೋಟೆ ಕಡೆಯವರು ಮಹಾರಾಷ್ಟ್ರದ ಬಾಲಭಾರತಿ ಪುಸ್ತಕವನ್ನೂ ಕನ್ನಡ ಅನುವಾದದಲ್ಲಿ ಓದುತ್ತಾರೆ. ಅವರ ಶಿಕ್ಷಕರಿಗೂ ಆ ರಾಜ್ಯಗಳ ಕರಡು ಮೊದಲೇ ಸಿಕ್ಕಿದರೆ ಅನುವಾದದ ಕನ್ನಡ ಎಷ್ಟೋ ಸುಧಾರಿಸುತ್ತದೆ.

ಅಲ್ಲಿಯವರೆಗೆ ಶಿಕ್ಷಕರು, ಪೋಷಕರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು) ಮಾಡಬಹುದಾದದ್ದು ಆಕ್ಷೇಪವನ್ನು ಕೆಲಸಕ್ಕೆ ಬರುವಂತೆ ಬರೆಯುವುದು. ‘ಪಾಠ ಚೆನ್ನಾಗಿಲ್ಲ’ ಎಂಬ ಪತ್ರಕ್ಕೆ ಯಾವ ಕಡತದಲ್ಲೂ ಜಾಗವಿಲ್ಲ. ತರಗತಿ, ವಿಷಯ, ಮಾಧ್ಯಮ, ಭಾಗ 1 ಅಥವಾ 2, ಮುದ್ರಣದ ವರ್ಷ, ಪುಟ, ಮೇಲಿನಿಂದ ಎಷ್ಟನೇ ಸಾಲು ಎಂಬುದು ಮೊದಲು. ಈಗ ಅಚ್ಚಾಗಿರುವ ವಾಕ್ಯ ಇದ್ದಂತೆಯೇ ಎರಡನೆಯದು. ಅದರ ಜಾಗಕ್ಕೆ ಬರಬೇಕಾದ ವಾಕ್ಯ ಪೂರ್ತಿಯಾಗಿ ಮೂರನೆಯದು. ಆಧಾರ ನಾಲ್ಕನೆಯದು: ಗೆಜೆಟ್ ಅಧಿಸೂಚನೆ, ಶಾಸನಸಂಪುಟ, ಜನಗಣತಿ, ಮೂಲ ಕೃತಿಯ ಪುಟ. ನೀವು ಸೂಚಿಸುವ ವಾಕ್ಯ ಹಳೆಯದರಷ್ಟೇ ಉದ್ದವಿದ್ದರೆ ಇನ್ನೂ ಒಳ್ಳೆಯದು, ಪುಟ ಸರಿಯುವುದಿಲ್ಲ. ಕಳಿಸುವ ಮುಂಚೆ ಸಂಘದ ಜಾಲತಾಣದಲ್ಲಿರುವ ಪಿಡಿಎಫ್‌ಗೂ ಕೈಯಲ್ಲಿರುವ ಪುಸ್ತಕಕ್ಕೂ ತಾಳೆ ನೋಡಿ. ಎಷ್ಟೋ ಸಲ ಒಂದರಲ್ಲಿ ತಿದ್ದಿರುತ್ತಾರೆ, ಇನ್ನೊಂದರಲ್ಲಿ ಇಲ್ಲ. ಸಂಗತಿಯ ತಪ್ಪು ಮತ್ತು ಅಭಿಪ್ರಾಯಭೇದ ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಬೇಡಿ. ಸಂಗತಿಯ ತಪ್ಪನ್ನು ಸಂಪಾದಕರೇ ತಿದ್ದಿ ಮುಗಿಸಬಹುದು. ಅಭಿಪ್ರಾಯದ್ದು ಸಮಿತಿಗೆ ಹೋಗಬೇಕು. ಎರಡೂ ಒಂದೇ ಪತ್ರದಲ್ಲಿದ್ದರೆ ಸುಲಭದ್ದೂ ಕಷ್ಟದ್ದರ ಜೊತೆ ಕಾಯುತ್ತಾ ಕೂರುತ್ತದೆ.

ಪತ್ರದ ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇನ್ನೊಂದನ್ನು ನೇರ ಸಂಘಕ್ಕೆ ಅಂಚೆಯಲ್ಲಿ ಕಳಿಸಿ. ದಸರಾ ರಜೆಗೆ ಮುಂಚೆ ತಲುಪಿದರೆ ಮುಂದಿನ ಜೂನ್‌ನ ಮರುಮುದ್ರಣಕ್ಕೆ ಅದು ಸೇರುವ ಅವಕಾಶವಿದೆ. ಸಂಕ್ರಾಂತಿಯ ಹೊತ್ತಿಗೆ ತಲುಪಿದ್ದು, ಅಷ್ಟೊತ್ತಿಗೆ ಪ್ಲೇಟು ಆಗಿಹೋಗಿರುವುದರಿಂದ, ಅದರಾಚೆಯ ವರ್ಷಕ್ಕೆ ಹೋಗುತ್ತದೆ.